ಎವರೆಸ್ಟ್ ಮ್ಯಾರಥಾನ್: ಓಟಕ್ಕಿಂತ ದೊಡ್ಡ ಪರೀಕ್ಷೆ ಅದರ ಹಿಂದಿನ ನಡಿಗೆ

ಮ್ಯಾರಥಾನ್ ಎಂದರೆ 42.195 ಕಿ.ಮೀ. ಓಟ. ಜಗತ್ತಿನ ಯಾವ ಊರಿನಲ್ಲಿ ನಡೆದರೂ ದೂರ ಇಷ್ಟೇ. ಆದರೆ ನೇಪಾಳದ ಖುಂಬು ಕಣಿವೆಯಲ್ಲಿ ಮೇ 29ರಂದು ನಡೆಯುವ ತೇನ್‌ಸಿಂಗ್-ಹಿಲರಿ ಎವರೆಸ್ಟ್ ಮ್ಯಾರಥಾನ್‌ನಲ್ಲಿ ಆರಂಭದ ಗೆರೆಯನ್ನು ತಲುಪುವುದಕ್ಕೇ ಹತ್ತು ದಿನಗಳಿಗೂ ಮಿಗಿಲಾದ ಸಮಯ ಬೇಕು. ಓಟ ಆರಂಭವಾಗುವುದು ಸಮುದ್ರಮಟ್ಟದಿಂದ 5,364 ಮೀಟರ್ ಎತ್ತರದಲ್ಲಿರುವ ಎವರೆಸ್ಟ್ ಬೇಸ್ ಕ್ಯಾಂಪಿನಲ್ಲಿ. ಅಲ್ಲಿಗೆ ವಾಹನ ಹೋಗುವ ರಸ್ತೆಯಿಲ್ಲ. ಹೆಲಿಕಾಪ್ಟರಿನಲ್ಲಿ ನೇರವಾಗಿ ಹೋಗಿ ಇಳಿದವನಿಗೆ ಓಡುವ ಮಾತಿರಲಿ, ಪ್ರಾಣ ಉಳಿಸಿಕೊಳ್ಳುವುದೇ ಕಷ್ಟವಾದೀತು.

ಮಹಾನಗರಗಳ ಮ್ಯಾರಥಾನ್‌ಗಳಲ್ಲಿ ಹತ್ತಾರು ಸಾವಿರ ಮಂದಿ ಓಡುತ್ತಾರೆ. ಇಲ್ಲಿ ಓಡುವವರದು ಸಣ್ಣ ಗುಂಪು. ಕಣಿವೆಯ ವಸತಿಗೃಹಗಳು, ದಾರಿಯ ಅಗಲ, ವೈದ್ಯಕೀಯ ನೆರವು ಎಲ್ಲವೂ ಮಿತವಾಗಿರುವುದರಿಂದ ಹೆಚ್ಚು ಜನರಿಗೆ ಅವಕಾಶ ಕಲ್ಪಿಸುವುದು ಸಾಧ್ಯವೂ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದ ನಗರಗಳಲ್ಲಿ ಓಟದ ಹವ್ಯಾಸ ಬೆಳೆದಿದ್ದು, ಹಿಮಾಲಯದ ಓಟಗಳತ್ತ ಆಸಕ್ತಿ ತೋರುವವರೂ ಇದ್ದಾರೆ. ಅಂಥವರ ತಿಳಿವಳಿಕೆಗಾಗಿ ಈ ಲೇಖನ.

ಹಿನ್ನೆಲೆ

ಈ ಕಣಿವೆಯಲ್ಲಿ ಮ್ಯಾರಥಾನ್ ಓಟದ ಸಂಪ್ರದಾಯಕ್ಕೆ ನಾಲ್ಕು ದಶಕಗಳಷ್ಟು ಹಳೆಯ ಇತಿಹಾಸವಿದೆ. ಬ್ರಿಟಿಷ್ ಆಯೋಜಕರ ಎವರೆಸ್ಟ್ ಮ್ಯಾರಥಾನ್ ಮೊದಲ ಬಾರಿಗೆ 1987ರ ನವೆಂಬರ್ 27ರಂದು ನಡೆಯಿತು. ಅದು ಬೇಸ್ ಕ್ಯಾಂಪಿಗಿಂತ ತುಸು ಕೆಳಗಿರುವ ಗೋರಕ್ ಶೆಪ್‌ನಿಂದ ಹೊರಟು ಶೆರ್ಪಾಗಳ ಪ್ರಮುಖ ಪಟ್ಟಣವಾದ ನಾಮ್ಚೆ ಬಜಾರಿನಲ್ಲಿ ಮುಕ್ತಾಯವಾಗುತ್ತಿತ್ತು.

ತೇನ್‌ಸಿಂಗ್ ನೋರ್ಗೆ ಹಾಗೂ ಎಡ್ಮಂಡ್ ಹಿಲರಿ 1953ರ ಮೇ 29ರಂದು ಎವರೆಸ್ಟ್ ಶಿಖರವನ್ನು ಮೊದಲು ಏರಿದರು. ಆ ಸಾಹಸದ ಸುವರ್ಣ ಮಹೋತ್ಸವದ ಅಂಗವಾಗಿ 2003ರಲ್ಲಿ ತೇನ್‌ಸಿಂಗ್-ಹಿಲರಿ ಎವರೆಸ್ಟ್ ಮ್ಯಾರಥಾನ್ ಆರಂಭವಾಯಿತು. ಹಿಲರಿ 2008ರ ಜನವರಿಯಲ್ಲಿ ನಿಧನರಾದರು. ಆ ವರ್ಷದಿಂದ ನೇಪಾಳವು ಮೇ 29ನ್ನು ಎವರೆಸ್ಟ್ ದಿನವಾಗಿ ಆಚರಿಸುತ್ತಿದೆ. ಓಟವೂ ಅದೇ ದಿನಕ್ಕೆ ಹೊಂದಿಕೊಂಡಿದೆ. ಪೂರ್ಣ ಮ್ಯಾರಥಾನ್ ಅಲ್ಲದೆ ಅರ್ಧ ಮ್ಯಾರಥಾನ್ ಮತ್ತು ಇನ್ನೂ ದೀರ್ಘವಾದ ಅಲ್ಟ್ರಾ ಓಟವನ್ನೂ ಆಯೋಜಿಸಲಾಗುತ್ತದೆ.

ಎತ್ತರ ಮಾಡುವುದೇನು?

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆಯಾಗುತ್ತದೆ ಎಂಬುದು ರೂಢಿಯ ಮಾತು. ವಾಸ್ತವವಾಗಿ ಅದರ ಪಾಲು ಎಲ್ಲೆಡೆಯೂ ಶೇ. 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಬೇಸ್ ಕ್ಯಾಂಪಿನಲ್ಲಿ ಈ ಒತ್ತಡ ಸಮುದ್ರತೀರದ ಒತ್ತಡದ ಸುಮಾರು ಅರ್ಧದಷ್ಟು. ಮಂಗಳೂರಿನಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಪಡೆಯಲು ಅಲ್ಲಿ ಹೆಚ್ಚುಕಡಿಮೆ ಎರಡು ಉಸಿರು ಬೇಕು.

ಇದರ ಪರಿಣಾಮ ಓಟಗಾರರ ಮೇಲೆ ಹೇಗಿರುತ್ತದೆ ಎಂಬುದು 1968ರ ಮೆಕ್ಸಿಕೊ ಸಿಟಿ ಒಲಿಂಪಿಕ್ಸ್‌ನಲ್ಲಿ ಜಗತ್ತಿಗೆಲ್ಲ ಕಂಡಿತು. ಆ ನಗರದ ಎತ್ತರ ಕೇವಲ 2,240 ಮೀಟರ್. ಗಾಳಿ ತೆಳುವಾಗಿದ್ದುದು ಕಡಿಮೆ ದೂರದ ಓಟ ಹಾಗೂ ಜಿಗಿತಗಳಿಗೆ ಅನುಕೂಲವಾಯಿತು. ಬಾಬ್ ಬೀಮನ್ 8.90 ಮೀಟರ್ ಉದ್ದ ಜಿಗಿದದ್ದು ಅಲ್ಲಿಯೇ. ದೂರದ ಓಟಗಾರರ ಪಾಡು ಬೇರೆಯಾಗಿತ್ತು. 10,000 ಮೀಟರ್ ಓಟವನ್ನು ಕೀನ್ಯಾದ ನಫ್ತಾಲಿ ತೆಮು 29 ನಿಮಿಷ 27.4 ಸೆಕೆಂಡುಗಳಲ್ಲಿ ಗೆದ್ದರು. ಆಸ್ಟ್ರೇಲಿಯದ ರಾನ್ ಕ್ಲಾರ್ಕ್ 1965ರಲ್ಲಿ ಸ್ಥಾಪಿಸಿದ್ದ ವಿಶ್ವದಾಖಲೆಗಿಂತ ಅದು 1 ನಿಮಿಷ 48 ಸೆಕೆಂಡು ನಿಧಾನ. ಅದೇ ಓಟದಲ್ಲಿ ಆರನೆಯವರಾಗಿ ಬಂದ ಕ್ಲಾರ್ಕ್ ಗುರಿ ಮುಟ್ಟುತ್ತಲೇ ಕುಸಿದುಬಿದ್ದರು. ಎವರೆಸ್ಟ್ ಮ್ಯಾರಥಾನ್‌ನ ಅತ್ಯಂತ ತಗ್ಗಿನ ಭಾಗವೂ ಮೆಕ್ಸಿಕೊ ಸಿಟಿಗಿಂತ ಸುಮಾರು ಒಂದು ಸಾವಿರ ಮೀಟರ್ ಎತ್ತರದಲ್ಲಿದೆ.

ದೇಹ ಈ ಕೊರತೆಗೆ ಹೊಂದಿಕೊಳ್ಳಬಲ್ಲದು, ಆದರೆ ಅವಸರಪಡಿಸಿದರೆ ಕೇಳದು. ಉಸಿರಾಟ ಮತ್ತು ಹೃದಯಬಡಿತ ಕೂಡಲೇ ಹೆಚ್ಚುತ್ತವೆ. ವೇಗದ ಉಸಿರಾಟದಿಂದ ರಕ್ತದಲ್ಲಿ ಉಂಟಾಗುವ ಏರುಪೇರನ್ನು ಮೂತ್ರಪಿಂಡಗಳು ಸರಿಪಡಿಸಲು ಕೆಲವು ದಿನಗಳು ಬೇಕು. ಹೊಸ ಕೆಂಪು ರಕ್ತಕಣಗಳು ಸಾಕಷ್ಟು ಹೆಚ್ಚಲು ವಾರಗಳೇ ಹಿಡಿಯುತ್ತವೆ.

ಏರುವ ಕ್ರಮ

ಪ್ರಯಾಣ ಆರಂಭವಾಗುವುದು ಲುಕ್ಲಾದಿಂದ. ಸುಮಾರು 2,850 ಮೀಟರ್ ಎತ್ತರದಲ್ಲಿರುವ ಇಲ್ಲಿನ ವಿಮಾನ ನಿಲ್ದಾಣದ ಓಡುದಾರಿ ಕೇವಲ 527 ಮೀಟರ್ ಉದ್ದವಿದ್ದು, ಇಳಿಜಾರಾಗಿದೆ. ಮೋಡ ಕವಿದರೆ ವಿಮಾನಗಳು ದಿನಗಟ್ಟಲೆ ಹಾರುವುದಿಲ್ಲ. ಆದ್ದರಿಂದ ಪ್ರಯಾಣದ ಯೋಜನೆಯಲ್ಲಿ ಎರಡು-ಮೂರು ದಿನ ಹೆಚ್ಚುವರಿ ಇರಿಸಿಕೊಳ್ಳುವುದು ಲೇಸು.

ಲುಕ್ಲಾದಿಂದ ಫಾಕ್‌ಡಿಂಗ್, ನಾಮ್ಚೆ ಬಜಾರ್ (3,440 ಮೀ.), ತೆಂಗ್‌ಬೋಚೆ (3,867 ಮೀ.), ದಿಂಗ್‌ಬೋಚೆ (4,410 ಮೀ.), ಲೋಬುಚೆ (4,940 ಮೀ.) ಹಾಗೂ ಗೋರಕ್ ಶೆಪ್ ಮಾರ್ಗವಾಗಿ ಬೇಸ್ ಕ್ಯಾಂಪ್ ತಲುಪಬೇಕು. ನಾಮ್ಚೆ ಮತ್ತು ದಿಂಗ್‌ಬೋಚೆಗಳಲ್ಲಿ ಒಂದು ದಿನ ಹೆಚ್ಚಾಗಿ ತಂಗುವುದು ವಾಡಿಕೆ. ಹಾಗೆ ತಂಗಿದ ದಿನ ಸುಮ್ಮನೆ ಮಲಗದೆ, ಹಗಲಿನಲ್ಲಿ ಇನ್ನಷ್ಟು ಮೇಲಕ್ಕೆ ಹತ್ತಿ ರಾತ್ರಿ ಕೆಳಗಿಳಿದು ಮಲಗುತ್ತಾರೆ.

ಪರ್ವತ ವೈದ್ಯರ ಸೂತ್ರ ಸರಳವಾಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು-ನಾಲ್ಕು ದಿನಗಳಿಗೊಮ್ಮೆ ವಿಶ್ರಾಂತಿ ಪಡೆಯಬೇಕು. ವೇಗವಾಗಿ ಓಡಬಲ್ಲವರಿಗೆ ಈ ನಿಯಮ ಪಾಲಿಸುವುದೇ ಕಠಿಣ. ದಮ್ಮು ಇರುವವನು ಬೇಗ ಏರುತ್ತಾನೆ, ಬೇಗ ಏರಿದವನು ಬೇಗ ಕಾಯಿಲೆ ಬೀಳುತ್ತಾನೆ. ದೈಹಿಕ ಸಾಮರ್ಥ್ಯಕ್ಕೂ ಎತ್ತರದ ಕಾಯಿಲೆಗೂ ಸಂಬಂಧವಿಲ್ಲ. ನಗರದ ಓಟಗಳಲ್ಲಿ ಪದಕ ಗೆದ್ದವರಿಗೂ ಅದು ರಿಯಾಯಿತಿ ತೋರುವುದಿಲ್ಲ.

ಅಪಾಯದ ಸೂಚನೆಗಳು

ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ಅತಿಯಾದ ಆಯಾಸ, ತಲೆಸುತ್ತು - ಇವು ಎತ್ತರದ ಕಾಯಿಲೆಯ ಮೊದಲ ಲಕ್ಷಣಗಳು. ಇವು ಕಂಡಾಗ ಇರುವಲ್ಲೇ ತಂಗಬೇಕು, ಮೇಲೇರಬಾರದು. ಉಲ್ಬಣಿಸಿದರೆ ಹಗಲು-ರಾತ್ರಿ ನೋಡದೆ ಕೆಳಗಿಳಿಯಬೇಕು.

ಮಾರಕವಾದ ಸ್ಥಿತಿಗಳು ಎರಡು. ಮೊದಲನೆಯದು ಶ್ವಾಸಕೋಶಗಳಲ್ಲಿ ನೀರು ತುಂಬುವುದು. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ನೊರೆಗೂಡಿದ ಕಫ ಇದರ ಗುರುತು. ಎರಡನೆಯದು ಮೆದುಳಿನ ಊತ. ಇದರಲ್ಲಿ ನಡಿಗೆ ತೂರಾಡುತ್ತದೆ, ಮಾತು ಮತ್ತು ಯೋಚನೆ ತಪ್ಪುತ್ತವೆ. ನೆಲದ ಮೇಲೊಂದು ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗುವಂತೆ ಅದರ ಮೇಲೆ ನಡೆಯಲು ಹೇಳುವುದು ಇದನ್ನು ಪತ್ತೆ ಮಾಡುವ ಸುಲಭ ವಿಧಾನ. ರೋಗಿಗೆ ತನ್ನ ಸ್ಥಿತಿಯ ಅರಿವೇ ಇರುವುದಿಲ್ಲವಾದ್ದರಿಂದ ಜೊತೆಗಾರರು ಪರಸ್ಪರ ಗಮನಿಸುತ್ತಿರಬೇಕು.

ಅಸೆಟಜೋಲಮೈಡ್ ಎಂಬ ಮಾತ್ರೆ ದೇಹ ಹೊಂದಿಕೊಳ್ಳಲು ನೆರವಾಗುತ್ತದೆ. ಇದನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಮದ್ಯ ಮತ್ತು ನಿದ್ರೆ ಮಾತ್ರೆಗಳಿಂದ ದೂರವಿರಬೇಕು. 1973ರಲ್ಲಿ ಸ್ಥಾಪನೆಯಾದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಇದೇ ದಾರಿಯ ಫೆರಿಚೆಯಲ್ಲಿ ಚಿಕಿತ್ಸಾಲಯ ನಡೆಸುತ್ತ ಬಂದಿದೆ. ಬೇಸ್ ಕ್ಯಾಂಪಿನಲ್ಲಿಯೂ 2003ರಿಂದ ಶಿಖರಾರೋಹಣದ ಋತುವಿನಲ್ಲಿ ತಾತ್ಕಾಲಿಕ ಚಿಕಿತ್ಸಾಲಯ ತೆರೆಯಲಾಗುತ್ತಿದೆ.

ಓಟಗಾರರು ಮರೆಯಬಾರದ ಇನ್ನೊಂದು ಸಂಗತಿಯಿದೆ. ಅವರ ಚೀಲಗಳನ್ನು ಹೊರುವ ಕೂಲಿಗಳೆಲ್ಲರೂ ಶೆರ್ಪಾಗಳಲ್ಲ. ಅನೇಕರು ತಗ್ಗಿನ ಗುಡ್ಡಗಾಡು ಜಿಲ್ಲೆಗಳಿಂದ ದುಡಿಮೆಗೆ ಬಂದವರು. ಎತ್ತರದ ಕಾಯಿಲೆ ನಮ್ಮಂತೆಯೇ ಅವರನ್ನೂ ಬಾಧಿಸುತ್ತದೆ. ತಲೆನೋವೆಂದರೆ ದಿನದ ಕೂಲಿ ತಪ್ಪೀತೆಂದು ಸುಮ್ಮನಿರುವವರೂ ಇರುತ್ತಾರೆ. ಅವರನ್ನು ವಿಚಾರಿಸುವುದು, ಬೆಚ್ಚನೆಯ ಬಟ್ಟೆ ಇದೆಯೇ ಎಂದು ನೋಡುವುದು ಪ್ರತಿ ತಂಡದ ಹೊಣೆ.

ಓಟದ ದಾರಿ

ಬೇಸ್ ಕ್ಯಾಂಪಿನಲ್ಲಿ ನಿಂತವರ ಕಾಲಡಿಯಲ್ಲಿರುವುದು ಕಲ್ಲುಮಣ್ಣು ಹೊದ್ದ ಖುಂಬು ಹಿಮನದಿ. ಸೋಜಿಗವೆಂದರೆ ಇಲ್ಲಿಂದ ಎವರೆಸ್ಟ್ ಶಿಖರ ಕಾಣುವುದಿಲ್ಲ. ಮುಂದಿನ ಬೆಟ್ಟಗಳು ಅದನ್ನು ಮರೆಮಾಡಿವೆ. ಹಿಮನದಿ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿರುವುದರಿಂದ ಬೇಸ್ ಕ್ಯಾಂಪನ್ನೇ ಕೆಳಗಿನ ಸ್ಥಳಕ್ಕೆ ವರ್ಗಾಯಿಸುವ ಆಲೋಚನೆಯನ್ನು ನೇಪಾಳದ ಅಧಿಕಾರಿಗಳು 2022ರಲ್ಲಿ ಪ್ರಕಟಿಸಿದ್ದರು.

ಮೊದಲ ಕೆಲವು ಕಿಲೋಮೀಟರ್ ಓಟ ಎನ್ನುವುದಕ್ಕಿಂತ ಬಂಡೆಯಿಂದ ಬಂಡೆಗೆ ಎಚ್ಚರದ ಹೆಜ್ಜೆ. ಗೋರಕ್ ಶೆಪ್, ಲೋಬುಚೆ ದಾಟಿದ ಮೇಲೆ ಥುಕ್ಲಾ ಕಣಿವೆಯ ನೆತ್ತಿ ಬರುತ್ತದೆ. ಎವರೆಸ್ಟ್ ಏರಲು ಹೋಗಿ ಮರಳದವರ ಸ್ಮಾರಕಗಳು ಅಲ್ಲಿ ಸಾಲಾಗಿ ನಿಂತಿವೆ. ಮುಂದೆ ದಿಂಗ್‌ಬೋಚೆಯ ಕಲ್ಲುಗೋಡೆಗಳ ಹೊಲಗಳು, ಎದುರಿಗೆ 6,812 ಮೀಟರ್ ಎತ್ತರದ ಅಮಾ ದಬ್ಲಮ್. ಮಾರ್ಗದಲ್ಲಿ ಬಿಬ್ರೆಯವರೆಗೆ ಹೋಗಿ ಮರಳುವ ಒಂದು ಸುತ್ತೂ ಇದೆ. ಪಾಂಗ್‌ಬೋಚೆಯ ನಂತರ ತೆಂಗ್‌ಬೋಚೆಯ ಬೌದ್ಧ ವಿಹಾರ. ಇದು 1934ರ ಭೂಕಂಪದಲ್ಲಿ ಕುಸಿದು, 1989ರಲ್ಲಿ ಬೆಂಕಿಗೆ ಆಹುತಿಯಾಗಿ, ಎರಡು ಬಾರಿಯೂ ಮತ್ತೆ ಎದ್ದು ನಿಂತ ಕಟ್ಟಡ.

ಆರಂಭಕ್ಕಿಂತ ಮುಕ್ತಾಯದ ಸ್ಥಳ ಸುಮಾರು 1,900 ಮೀಟರ್ ಕೆಳಗಿದೆ ಎಂಬುದನ್ನು ನೋಡಿ ಇದು ಸುಲಭದ ಇಳಿಜಾರು ಎಂದು ಭಾವಿಸುವವರಿದ್ದಾರೆ. ತೆಂಗ್‌ಬೋಚೆಯಿಂದ ದಾರಿ ಕಡಿದಾಗಿ ಇಳಿದು ನದಿಯ ಮೇಲಿನ ತೂಗುಸೇತುವೆಯನ್ನು ದಾಟುತ್ತದೆ. ಅಲ್ಲಿಂದ ಮತ್ತೆ ನೂರಾರು ಮೀಟರ್ ಏರಬೇಕು. ದಣಿದ ಕಾಲುಗಳಿಗೆ ಇದೇ ಅಂತಿಮ ಪರೀಕ್ಷೆ. ಎದುರಿಗೆ ಯಾಕ್‌ಗಳ ಸಾಲು ಬಂದರೆ ಪ್ರಪಾತದ ಬದಿಯನ್ನು ಬಿಟ್ಟು ಬೆಟ್ಟದ ಬದಿಗೆ ಸರಿದು ನಿಲ್ಲಬೇಕು. ಮುಂಚೂಣಿಯ ನೇಪಾಳಿ ಓಟಗಾರರು ನಾಲ್ಕು ಗಂಟೆಗಳ ಆಸುಪಾಸಿನಲ್ಲಿ ನಾಮ್ಚೆ ತಲುಪುತ್ತಾರೆ. ಹೊರಗಿನಿಂದ ಬಂದ ಅನೇಕರಿಗೆ ಅದರ ಇಮ್ಮಡಿ ಸಮಯ ಬೇಕಾಗುತ್ತದೆ.

ಕನ್ನಡನಾಡಿನ ಓಟಗಾರರಿಗೆ

ಬೆಂಗಳೂರಿನ ಎತ್ತರ ಸುಮಾರು 920 ಮೀಟರ್. ರಾಜ್ಯದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಎತ್ತರಕ್ಕೆ ದೇಹವನ್ನು ಒಗ್ಗಿಸುವ ಕೆಲಸ ಇಲ್ಲಿ ಆಗದು, ಆದರೆ ಕಾಲುಗಳನ್ನು ಸಿದ್ಧಪಡಿಸಬಹುದು. ಇಳಿಜಾರಿನ ಓಟದಲ್ಲಿ ತೊಡೆಯ ಸ್ನಾಯುಗಳು ಪ್ರತಿ ಹೆಜ್ಜೆಗೂ ದೇಹದ ಭಾರವನ್ನು ತಡೆದು ಹಿಡಿಯಬೇಕಾಗುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳು, ನಂದಿಬೆಟ್ಟದ ದಾರಿ, ಕುಮಾರಪರ್ವತದ ಕಾಲುಹಾದಿ ಇದಕ್ಕೆ ಒಳ್ಳೆಯ ಪಾಠಶಾಲೆ. ಹತ್ತುವುದರ ಜೊತೆಗೆ ಇಳಿಯುವುದನ್ನೂ ಅಭ್ಯಾಸ ಮಾಡಬೇಕು.

ಮೊದಲ ಬಾರಿಗೆ ಇಂಥ ಎತ್ತರದಲ್ಲಿ ಓಡಬಯಸುವವರಿಗೆ ಭಾರತದಲ್ಲೇ ಲಡಾಖ್ ಮ್ಯಾರಥಾನ್ ಇದೆ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ 2012ರಿಂದ ನಡೆಯುತ್ತಿರುವ ಈ ಓಟದಲ್ಲಿ ಭಾಗವಹಿಸುವವರು ದಿನಗಳ ಮೊದಲೇ ಬಂದು ಅಲ್ಲಿಯ ಹವೆಗೆ ಒಗ್ಗಿಕೊಳ್ಳಬೇಕೆಂದು ಆಯೋಜಕರು ವಿಧಿಸುತ್ತಾರೆ. ಇದರ ಅಂಗವಾದ 72 ಕಿ.ಮೀ.ಗಳ ಖರ್ದುಂಗ್ ಲಾ ಓಟವು 5,300 ಮೀಟರ್‌ಗೂ ಎತ್ತರದ ಕಣಿವೆಮಾರ್ಗವನ್ನು ದಾಟುತ್ತದೆ. ಅನುಭವಿಗಳಿಗಷ್ಟೇ ಅದು ತಕ್ಕದ್ದು.

ಸಂಕ್ಷಿಪ್ತ ಮಾಹಿತಿ

ದಿನ: ಮೇ 29
ಆರಂಭ: ಎವರೆಸ್ಟ್ ಬೇಸ್ ಕ್ಯಾಂಪ್, 5,364 ಮೀ.
ಮುಕ್ತಾಯ: ನಾಮ್ಚೆ ಬಜಾರ್, 3,440 ಮೀ.
ದೂರ: 42.195 ಕಿ.ಮೀ.
ಬೇಕಾಗುವ ರಜೆ: ಹೋಗಿ ಬರಲು ಸುಮಾರು ಮೂರು ವಾರ
ಕಡ್ಡಾಯವಾಗಿ ಇರಬೇಕಾದವು: ವೈದ್ಯಕೀಯ ತಪಾಸಣೆ, ಹೆಲಿಕಾಪ್ಟರ್ ರಕ್ಷಣೆಯನ್ನೂ ಒಳಗೊಂಡ ವಿಮೆ, ಬೆಚ್ಚನೆಯ ಉಡುಪು, ಒರಟು ದಾರಿಗೆ ಹೊಂದುವ ಪಾದರಕ್ಷೆ

ವರ್ಷಗಳ ತಯಾರಿ, ಲಕ್ಷಗಟ್ಟಲೆ ವೆಚ್ಚ, ಊರಿನವರ ಹಾರೈಕೆ - ಇವೆಲ್ಲವನ್ನೂ ಹೊತ್ತು ಹೋದವರಿಗೆ ಲೋಬುಚೆಯಿಂದ ಹಿಂದಿರುಗುವ ನಿರ್ಧಾರ ನುಂಗಲಾರದ ತುತ್ತು. ಆದರೂ ಅಗತ್ಯ ಬಿದ್ದಾಗ ಆ ನಿರ್ಧಾರ ಕೈಗೊಳ್ಳಲು ಮನೆಯಿಂದ ಹೊರಡುವಾಗಲೇ ಮನಸ್ಸನ್ನು ಸಿದ್ಧಗೊಳಿಸಿಕೊಳ್ಳಬೇಕು. ಓಟ ಮುಂದಿನ ಮೇ ತಿಂಗಳಿನಲ್ಲೂ ಇರುತ್ತದೆ; ಓಡಲು ಓಟಗಾರನೂ ಇರಬೇಕು.