ತಣ್ಣೀರಿನ ಮದ್ದು

ಕಳ್ಳಕವಟಗಿಯ ಏಪ್ರಿಲ್ ತಿಂಗಳೆಂದರೆ ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ. ಅಂಥದೇ ಒಂದು ಮಧ್ಯಾಹ್ನ ಬೆಂಗಳೂರಿನಿಂದ ತಂಗಿಯ ಮಗಳ ಫೋನು ಬಂತು. "ದೊಡ್ಡವ್ವ, ನನ್ನ ಆಕ್ಸೊಲಾಟಲ್ ಬಾಯಿಗೆ ಗಾಯ ಮಾಡ್ಕೊಂಡೈತಿ. ತುಟಿ ಚರ್ಮ ಸುಲದೈತಿ. ಏನ್ ಹಚ್ಚಲಿ?"

ಎತ್ತಿನ ಬಾಯಿ ಹುಣ್ಣಾದಾಗ ಪಟಿಕಾರದ ನೀರಿನಿಂದ ತೊಳೆದು ಜೇನು ಸವರುವುದನ್ನು ನಾನು ನೋಡಿದ್ದೇನೆ. ಕರುವಿನ ಗಾಯಕ್ಕೆ ಅರಿಷಿಣ, ಎಣ್ಣೆ ಹಚ್ಚಿದ್ದೂ ಉಂಟು. ಆದರೆ ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಮುಪ್ಪಾಗುವ, ಚರ್ಮದಿಂದಲೂ ಉಸಿರಾಡುವ ಈ ಮೆಕ್ಸಿಕೋ ದೇಶದ ಜೀವಕ್ಕೆ ಏನು ಹಚ್ಚುವುದು? ನಾನು ಓದಿದ್ದು ಬಿ.ಎ., ಕಲಿಸಿದ್ದು ಇತಿಹಾಸ. "ಏನೂ ಹಚ್ಚಬ್ಯಾಡ, ಮೊದಲ ಡಾಕ್ಟರಿಗೆ ತೋರಸು" ಎಂದೆ.

ಡಾಕ್ಟರು ಹೇಳಿದ್ದೂ ಹೆಚ್ಚುಕಡಿಮೆ ಅದೇ. ಮನುಷ್ಯರ ಮುಲಾಮು ಬೇಡ, ಅದು ಚರ್ಮದ ಮೂಲಕ ಒಳಗಿಳಿಯುತ್ತದೆ. ಪ್ರಾಣಿಯನ್ನು ಬೇರೆ ಡಬ್ಬಿಯಲ್ಲಿಟ್ಟು, ಕ್ಲೋರಿನ್ ಕಳೆದ ನೀರನ್ನು ದಿನಾಲು ಪೂರ್ತಿ ಬದಲಿಸಬೇಕು. ನೀರು 16ರಿಂದ 18 ಡಿಗ್ರಿ ತಂಪಿರಬೇಕು. ಸೆಕೆ ಏರಿದರೆ ಮಂಜುಗಟ್ಟಿದ ನೀರಿನ ಬಾಟಲಿಯನ್ನು ತೇಲಿಬಿಡಬೇಕು. ಒಂದೆರಡು ದಿನ ಉಪವಾಸ, ಆಮೇಲೆ ಎರೆಹುಳದ ಸಣ್ಣ ತುಂಡು. ತೊಟ್ಟಿಯ ತಳದ ಹರಳುಗಳನ್ನು ತೆಗೆದುಹಾಕಬೇಕು, ಏಕೆಂದರೆ ಈ ಪ್ರಾಣಿ ಊಟವನ್ನು ಬಾಯಿಂದ ಸರಕ್ಕನೆ ಎಳೆದುಕೊಳ್ಳುವಾಗ ಕಲ್ಲಿಗೆ ಮುಖ ಬಡಿಸಿಕೊಳ್ಳುತ್ತದೆ. ಗಾಯದ ಮೇಲೆ ಅರಳೆಯಂಥ ಬಿಳಿ ಬೂಷ್ಟು ಕಂಡರೆ, ಬಾವು ಬಂದರೆ ಮತ್ತೆ ಕರೆತರಬೇಕು. ಅಷ್ಟೇ.

ಇದು ಮದ್ದಿಲ್ಲದ ಮದ್ದು. ಸುಮ್ಮನೆ ಬಿಟ್ಟರೆ ತಾನೇ ಮಾಯುತ್ತದೆಂದು ಮೊದಲು ಯಾರಿಗೆ ತಿಳಿಯಿತು? ರಜೆಯ ದಿನಗಳಲ್ಲಿ ಪುಸ್ತಕ ತಿರುವುತ್ತ ಕುಳಿತೆ. ಹುಡುಕಿದಷ್ಟೂ ನನಗೆ ಸಿಕ್ಕಿದ್ದು ಕತ್ತರಿಗಳೇ.

ಇಟಲಿಯ ಸ್ಪಲಾಂಜಾನಿ ಎಂಬ ಪಾದ್ರಿ 1768ರಲ್ಲಿ ಒಂದು ಚಿಕ್ಕ ಪುಸ್ತಕ ಪ್ರಕಟಿಸಿದ. ಆಕ್ಸೊಲಾಟಲ್‌ನ ಬಂಧುವಾದ ಸಾಲಮಾಂಡರ್‌ಗಳ ಕಾಲು, ಬಾಲ, ಕೊನೆಗೆ ದವಡೆಯನ್ನೂ ಕತ್ತರಿಸಿ, ಅವು ಮತ್ತೆ ಬೆಳೆದದ್ದನ್ನು ಅದರಲ್ಲಿ ಬರೆದ. ಯುರೋಪು ಬೆರಗಾಯಿತು. ವೋಲ್ಟೇರನಂಥ ದೊಡ್ಡ ಮನುಷ್ಯನೂ ಬಸವನಹುಳಗಳ ತಲೆ ಕತ್ತರಿಸುತ್ತ ಕುಳಿತನಂತೆ! ನಮ್ಮ ಮನೆಯ ಹಲ್ಲಿ ಬಾಲ ಬಿಟ್ಟು ಓಡಿದ್ದನ್ನು ನಾವೂ ನೋಡಿದ್ದೇವೆ. ಆದರೆ ಹಲ್ಲಿಗೆ ಹೊಸ ಕಾಲು ಬರುವುದಿಲ್ಲ, ದವಡೆಯಂತೂ ಇಲ್ಲವೇ ಇಲ್ಲ. ಇನ್ನು ಸಾಲಮಾಂಡರ್ ಜಾತಿ ನಮ್ಮ ಕರ್ನಾಟಕದಲ್ಲಿ ಇಲ್ಲ. ಭಾರತದಲ್ಲಿ ಅವನ್ನು ಕಾಣಬೇಕಾದರೆ ದಾರ್ಜಿಲಿಂಗ್ ಕಡೆಯ ಹಿಮಾಲಯಕ್ಕೆ ಹೋಗಬೇಕು.

ಆಕ್ಸೊಲಾಟಲ್ ಯುರೋಪಿಗೆ ಜೀವಂತವಾಗಿ ಬಂದದ್ದು ಯುದ್ಧದ ಬೆನ್ನಿಗೆ. ಫ್ರೆಂಚ್ ಸೈನ್ಯ ಮೆಕ್ಸಿಕೋದಲ್ಲಿದ್ದ ಕಾಲದಲ್ಲಿ ಅಲ್ಲಿಂದ 34 ಪ್ರಾಣಿಗಳು ಪ್ಯಾರಿಸ್ಸಿಗೆ ಹಡಗೇರಿದವು. ಅವುಗಳಲ್ಲಿ ಆರು 1864ರಲ್ಲಿ ಆಗಸ್ಟ್ ಡ್ಯುಮೆರಿಲ್ ಎಂಬ ಪ್ರಾಣಿಶಾಸ್ತ್ರಜ್ಞನ ಕೈಸೇರಿದವು: ಐದು ಗಂಡು, ಒಂದೇ ಹೆಣ್ಣು. ಮರುವರ್ಷ ಆ ಹೆಣ್ಣು ಮೊಟ್ಟೆ ಇಟ್ಟಿತು. ಅದರ ಮರಿಗಳಲ್ಲಿ ಕೆಲವು ಕಿವಿರು ಕಳೆದುಕೊಂಡು ನೆಲದ ಪ್ರಾಣಿಗಳಾದಾಗ ಡ್ಯುಮೆರಿಲ್ ದಂಗಾದ. ಕಿವಿರು ತೆಗೆದರೆ ಉಳಿದವೂ ಹಾಗೆ ಆದಾವೇ ಎಂದು ಅವುಗಳ ತಲೆಯ ಪಕ್ಕದ ಗರಿಯಂಥ ಕಿವಿರುಗಳನ್ನು ಕತ್ತರಿಸಿದ. ಅವು ನೀರಿನಲ್ಲಿ ಎಂದಿನಂತೆ ಈಜುತ್ತ ಇದ್ದವು, ಹೊಸ ಕಿವಿರು ಬೆಳೆಸಿಕೊಂಡವು. ಇಂದು ಪ್ರಯೋಗಶಾಲೆಗಳಲ್ಲಿ, ಮನೆಗಳ ಗಾಜಿನ ತೊಟ್ಟಿಗಳಲ್ಲಿ ಇರುವ ಅಸಂಖ್ಯ ಆಕ್ಸೊಲಾಟಲ್‌ಗಳಲ್ಲಿ ಬಹುಪಾಲು ಆ ಒಂದೇ ತಾಯಿಯ ಸಂತತಿಯ ರಕ್ತ ಹೊತ್ತವು. 2018ರಲ್ಲಿ ವಿಜ್ಞಾನಿಗಳು ಅದರ ವಂಶವಾಹಿಯನ್ನು ಪೂರ್ತಿ ಓದಿದರು: 3,200 ಕೋಟಿ ಅಕ್ಷರ, ನಮ್ಮದರ ಹತ್ತುಪಟ್ಟು. ಓದುವುದಕ್ಕೆ ಮುಂಚೆ ಕತ್ತರಿಸಿದ್ದೆಷ್ಟೋ!

ಆದರೆ ಈ ಚರಿತ್ರೆಯಲ್ಲಿ ಕತ್ತರಿ ಹಿಡಿಯದ ಒಬ್ಬಾಕೆ ಇದ್ದಾಳೆ. ಮರೀ ಫಾನ್ ಶೌವಿನ್, ಜರ್ಮನಿಯ ಫ್ರೈಬರ್ಗಿನವಳು. ನೀರಿನ ಪ್ರಾಣಿಯನ್ನು ನೆಲಕ್ಕೆ ತರಬಹುದೇ ಎಂದು ಪ್ರಾಧ್ಯಾಪಕ ವೈಸ್‌ಮನ್ ಅವರಿಗೆ ಕುತೂಹಲವಿತ್ತು. 1870ರ ದಶಕದಲ್ಲಿ ಆ ಕೆಲಸ ಮಾಡಿ ತೋರಿಸಿದವಳು ಈಕೆ. ಮರಿಗಳಿಗೆ ಹೊಟ್ಟೆತುಂಬ ತಿನ್ನಿಸಿ, ಚೊಕ್ಕಟವಾಗಿಟ್ಟು, ದಿನದಿನಕ್ಕೆ ನೀರನ್ನು ಇಷ್ಟಿಷ್ಟೇ ಕಡಿಮೆ ಮಾಡುತ್ತ ಹೋದಳು. ಬೇರೆಯವರ ಕೈಯಲ್ಲಿ ಸಾಯುತ್ತಿದ್ದವು ಇವಳ ಕೈಯಲ್ಲಿ ಬದುಕಿ ದಂಡೆಗೆ ಹತ್ತಿದವು. ಪಠ್ಯಪುಸ್ತಕದಲ್ಲಿ ವೈಸ್‌ಮನ್ ಇದ್ದಾರೆ, ಈಕೆ ಇಲ್ಲ. ನನಗೆ ಆಶ್ಚರ್ಯವಾಗಲಿಲ್ಲ.

ಇನ್ನೂ ಒಂದು ಸಂಗತಿ. ಮೆಕ್ಸಿಕೋದ ಪಾಟ್ಸ್‌ಕ್ವಾರೋ ಸರೋವರದಲ್ಲಿ ಆಕ್ಸೊಲಾಟಲ್‌ನ ತಂಗಿಯಂಥ ಪ್ರಾಣಿ ಇದೆ; ಅದರ ಶಾಸ್ತ್ರೀಯ ಹೆಸರಿನಲ್ಲಿ ಡ್ಯುಮೆರಿಲ್‌ನ ಹೆಸರೇ ಸೇರಿಕೊಂಡಿದೆ. ಅಲ್ಲಿನ ಡೊಮಿನಿಕನ್ ಸನ್ಯಾಸಿನಿಯರು ಅದರಿಂದ ಕೆಮ್ಮಿನ ಔಷಧ ಮಾಡಿ ಮಾರಿ ಜೀವನ ಸಾಗಿಸುತ್ತಿದ್ದರು. ಸರೋವರದ ನೀರು ಕೆಟ್ಟು ಪ್ರಾಣಿ ಸಿಗುವುದು ಅಪರೂಪವಾದಾಗ ಮಠದ ಕೋಣೆಗಳಲ್ಲೇ ತೊಟ್ಟಿಗಳನ್ನಿಟ್ಟು ಸಾಕತೊಡಗಿದರು. ಈಗ ಆ ಜಾತಿಯ ದೊಡ್ಡ ಬಳಗ ಉಳಿದಿರುವುದು ಆ ಮಠದಲ್ಲಿ. ಔಷಧಕ್ಕಾಗಿ ಕೊಂದವರೇ ಕಾಪಾಡಿದವರೂ ಹೌದು. ಇದನ್ನು ಹೇಗೆ ತೂಗಬೇಕೋ ನನಗೆ ತಿಳಿಯದು.

ಆಕ್ಸೊಲಾಟಲ್‌ನ ಸ್ವಂತ ಮನೆ ಮಾತ್ರ ಮೆಕ್ಸಿಕೋ ನಗರದ ಸೋಚಿಮಿಲ್ಕೊ ಕಾಲುವೆಗಳು. ಸಮುದ್ರಮಟ್ಟಕ್ಕಿಂತ 2,200 ಮೀಟರಿನಷ್ಟು ಎತ್ತರದ ಊರಾದ್ದರಿಂದ ಅಲ್ಲಿಯ ನೀರು ತಂಪು. ಸಾವಿಗೆ ಹೆದರಿದ ಶೋಲೋಟ್ಲ್ ಎಂಬ ದೇವರು ಮೊದಲು ಜೋಳದ ಗಿಡವಾಗಿ, ಆಮೇಲೆ ಕತ್ತಾಳೆಯಾಗಿ ಅಡಗಿ, ಕೊನೆಗೆ ನೀರಿಗಿಳಿದು ಈ ಪ್ರಾಣಿಯಾದನೆಂದು ಅಲ್ಲಿಯ ಹಳೆಯ ಕಥೆ. ಅಲ್ಲೂ ಅವನನ್ನು ಹಿಡಿದರು. 1998ರಲ್ಲಿ ಆ ಕಾಲುವೆಗಳ ಚದರ ಕಿಲೋಮೀಟರಿಗೆ ಸುಮಾರು 6,000 ಆಕ್ಸೊಲಾಟಲ್‌ಗಳಿದ್ದವು. 2003ಕ್ಕೆ 1,000. 2008ಕ್ಕೆ 100. 2014ಕ್ಕೆ 36. ನಗರದ ಕೊಳಚೆ ಒಂದು ಕಾರಣ. ಜನರ ಊಟಕ್ಕೆಂದು ತಂದು ಬಿಟ್ಟ ಗೆಂಡೆ ಮೀನು, ತಿಲಾಪಿಯಾ ಇನ್ನೊಂದು. ಅವು ಮೊಟ್ಟೆ, ಮರಿ ತಿಂದುಹಾಕಿದವು. ಅದೇ ತಿಲಾಪಿಯಾ 1952ರಲ್ಲಿ ನಮ್ಮ ದೇಶಕ್ಕೂ ಬಂತು. ನಮ್ಮ ಕೆರೆಗಳಲ್ಲಿ ಅದಕ್ಕೆ ಜಿಲೇಬಿ ಎಂಬ ಸವಿಹೆಸರು. ಕಾಲು ಕಡಿದರೆ ಕಾಲು, ದವಡೆ ಕಡಿದರೆ ದವಡೆ ಬೆಳೆಸಿಕೊಂಡ ಜೀವ ನೀರು ಕೆಟ್ಟಾಗ ಏನೂ ಬೆಳೆಸಿಕೊಳ್ಳಲಾರದೆ ಹೋಯಿತು. ತೊಟ್ಟಿಯಲ್ಲಿ ಬೆಳೆದ 18 ಪ್ರಾಣಿಗಳನ್ನು ಶುಚಿಗೊಳಿಸಿದ ನೀರಿಗೆ ಬಿಟ್ಟು ನೋಡಿದ ವರದಿ 2025ರಲ್ಲಿ ಬಂತು: ಅವು ಬದುಕಿದವು, ಬೇಟೆ ಕಲಿತವು, ಮತ್ತೆ ಹಿಡಿದವು ತೂಕ ಏರಿಸಿಕೊಂಡಿದ್ದವು.

ಇಷ್ಟನ್ನೂ ಫೋನಿನಲ್ಲಿ ಮಗಳಿಗೆ ಹೇಳಿದೆ. ಅವಳು ಸಮಾಧಾನದಿಂದ ಕೇಳಿ, "ಅದೆಲ್ಲ ಖರೆ ದೊಡ್ಡವ್ವ, ಕೈ ಕಟ್ಟಿ ಕುಂದ್ರಾಕ ಆಗವಲ್ತು. ಏನರ ಒಂದ್ ಹಾಕ್ಲೇನು?" ಎಂದಳು. ಮೀನು ಸಾಕುವವರು ಬಾದಾಮಿ ಗಿಡದ ಒಣಗಿದೆಲೆಯನ್ನು ಕುದಿಸಿ, ಆರಿಸಿ, ಆ ಕಂದು ನೀರನ್ನು ಸ್ವಲ್ಪ ಬೆರೆಸುವುದುಂಟು. ಅದರ ಒಗರು ಚರ್ಮಕ್ಕೆ ಹಿತ, ಬೂಷ್ಟನ್ನೂ ತಡೆಯುತ್ತದೆ. ಡಾಕ್ಟರೂ ಆಗಲಿ ಎಂದರಂತೆ. ಅಸಲು ಬಾದಾಮಿಯಲ್ಲ, ಶಾಲೆಯ ಅಂಗಳದಲ್ಲಿ ಹುಡುಗರು ಕಲ್ಲಿನಿಂದ ಕುಟ್ಟಿ ತಿನ್ನುವ ಕಾಡುಬಾದಾಮಿ. ಔಷಧ ಹೊಡೆಯದ ಗಿಡ ನೋಡಿ, ತಾನಾಗಿ ಉದುರಿದ ಎಲೆಗಳನ್ನೇ ಆರಿಸಿ, ತೊಳೆದು ನೆರಳಿಗೆ ಒಣಗಿಸಿದೆ. ರಟ್ಟಿನ ಡಬ್ಬಿಯಲ್ಲಿ ಹಾಕಿ ವಿಜಯಪುರದಿಂದ ರಾತ್ರಿ ಬಸ್ಸಿಗೆ ಕೊಟ್ಟು ಕಳಿಸಿದೆ.

ಎಲೆ ತಲುಪುವ ಹೊತ್ತಿಗೆ ಗಾಯ ಮಾಯುತ್ತ ಬಂದಿತ್ತು. ತುಟಿಯ ಮೇಲೆ ತೆಳ್ಳಗೆ ಹೊಸ ಚರ್ಮ. ಆ ದಿನ ಎರೆಹುಳದ ಎರಡು ತುಂಡು ತಿಂದಿತಂತೆ. "ಎಲಿ ಹಂಗ ಇಟ್ಟಿರ್ತೀನಿ ದೊಡ್ಡವ್ವ" ಎಂದಳು.