ದಂತದ ಕೀಲಿನಿಂದ ಲೋಹದ ಮಂಡಿಗೆ

ಮಂಡಿಯೂರುವುದು ಎಂದರೆ ನಮ್ಮ ನುಡಿಯಲ್ಲಿ ಸೋಲನ್ನು ಒಪ್ಪಿಕೊಳ್ಳುವುದು. ಆದರೆ ಮಂಡಿಯೇ ಸೋತವನಿಗೆ ಮಂಡಿಯೂರುವ ಭಾಗ್ಯವೂ ಇಲ್ಲ. ಸಂಧಿವಾತ ಹಿಡಿದವರೆಲ್ಲರೂ ಬಲ್ಲ ಸಂಗತಿ ಇದು. ನಮ್ಮ ಪ್ರಾಚೀನ ವೈದ್ಯರಿಗೆ ಈ ವ್ಯಾಧಿ ಅಪರಿಚಿತವಾಗಿರಲಿಲ್ಲ. ಮಾಧವಕರನ 'ಮಾಧವನಿದಾನ'ದಲ್ಲಿ ಆಮವಾತಕ್ಕೆ ಪ್ರತ್ಯೇಕವಾದ ಅಧ್ಯಾಯವೇ ಇದೆ. ತೈಲ, ಕಷಾಯ, ಶಾಖ ಎಂದು ನೋವನ್ನು ತಗ್ಗಿಸುವ ಉಪಾಯಗಳೂ ಹಲವಿದ್ದವು. ಸವೆದ ಮಂಡಿಯ ಕೀಲನ್ನೇ ತೆಗೆದು ಕೃತಕವಾದ ಇನ್ನೊಂದನ್ನು ಕೂಡಿಸುವ ಸಾಹಸ ಮಾತ್ರ 130 ಚಿಲ್ಲರೆ ವರ್ಷಗಳಷ್ಟು ಈಚಿನದು.

ಇಪ್ಪತ್ತು ವರ್ಷ ಆಮವಾತದೊಡನೆ ಬಾಳಿ, ಅರವತ್ತು ದಾಟಿದ ಮೇಲೆ ಎರಡೂ ಮಂಡಿಗಳನ್ನು ಬದಲಾಯಿಸಿಕೊಂಡವನು ನಾನು. ಕನ್ನಡ ಪಾಠ ಹೇಳುತ್ತ ಬಂದವನಿಗೆ ಶಬ್ದವೊಂದು ಎದುರಾದರೆ ಅದರ ಧಾತುವನ್ನು ಹುಡುಕುವ ಚಪಲ. ನನ್ನ ಮೈಯೊಳಗೆ ಬಂದು ನೆಲೆಸಿದ ಲೋಹದ ಅತಿಥಿಯ ಕುಲಮೂಲವನ್ನೂ ಹಾಗೆಯೇ ವಿಚಾರಿಸಬೇಕೆನಿಸಿತು.

ಈ ವಂಶದ ಮೂಲಪುರುಷ ಥೆಮಿಸ್ಟೊಕ್ಲೆಸ್ ಗ್ಲುಕ್. 1890ರಲ್ಲಿ ಬರ್ಲಿನ್ ನಗರದಲ್ಲಿ ಆತ ಕ್ಷಯದಿಂದ ಹಾಳಾದ ಮಂಡಿಯನ್ನು ತೆಗೆದು, ಆನೆಯ ದಂತದಿಂದ ಮಾಡಿದ ಕೀಲನ್ನು ಜೋಡಿಸಿದ. ಅದನ್ನು ಎಲುಬಿಗೆ ಅಂಟಿಸಲು ರಾಳದ ಮಿಶ್ರಣವನ್ನು ಪ್ರಯೋಗಿಸಿದ. ಕಲ್ಪನೆ ಅದ್ಭುತವಾದದ್ದೇ, ಆದರೆ ಕ್ಷಯದ ಸೋಂಕು ಒಳಗೇ ಉಳಿದಿತ್ತು. ಕೀಲುಗಳು ಕೀವುಗಟ್ಟಿ ವಿಫಲವಾದವು. ಅಂದಿನ ಜರ್ಮನಿಯ ಶಸ್ತ್ರವೈದ್ಯರಲ್ಲಿ ಅಗ್ರಗಣ್ಯನಾಗಿದ್ದ ಎರ್ನ್ಸ್ಟ್ ಫೋನ್ ಬೆರ್ಗ್‌ಮಾನ್ ಈ ಕೆಲಸವನ್ನು ಬಲವಾಗಿ ವಿರೋಧಿಸಿದ. ಗ್ಲುಕ್‌ನ ಪ್ರಯತ್ನ ಬಹುಕಾಲ ಮರೆವಿಗೆ ಸಂದಿತು. ಬೀಜ ಒಳ್ಳೆಯದಿದ್ದರೂ ನೆಲ ಹದವಾಗಿರಲಿಲ್ಲ, ಅಷ್ಟೆ.

ನೆಲವನ್ನು ಹದಮಾಡಿದವನು ಇಂಗ್ಲೆಂಡಿನ ಜಾನ್ ಚಾರ್ನ್ಲಿ. ಲ್ಯಾಂಕಶೈರಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಆತ ಕೈಹಾಕಿದ್ದು ಮಂಡಿಗಲ್ಲ, ಸೊಂಟದ ಕೀಲಿಗೆ. ಹಲ್ಲಿನ ವೈದ್ಯರು ಬಳಸುತ್ತಿದ್ದ ಅಕ್ರಿಲಿಕ್ ಪದಾರ್ಥವನ್ನು ಎಲುಬಿನ ಸಿಮೆಂಟಾಗಿ ಬಳಸಿದ. ಸೋಂಕು ಸುಳಿಯದಂತೆ, ಶಸ್ತ್ರಕ್ರಿಯೆ ನಡೆಯುವ ಜಾಗಕ್ಕೆ ಸೋಸಿದ ಗಾಳಿ ಹರಿಯುವ ಏರ್ಪಾಡು ಮಾಡಿದ. ಮೊದಲು ಟೆಫ್ಲಾನ್ ಬಟ್ಟಲನ್ನು ನೂರಾರು ರೋಗಿಗಳಿಗೆ ಅಳವಡಿಸಿದ್ದ; ಕೆಲವೇ ವರ್ಷಗಳಲ್ಲಿ ಅದು ಸವೆದು, ಸುತ್ತಲಿನ ಮಾಂಸ ಎಲುಬುಗಳಿಗೆ ಹಾನಿಯಾಯಿತು. ಚಾರ್ನ್ಲಿ ಆ ಸೋಲನ್ನು ಮುಚ್ಚಿಡಲಿಲ್ಲ. ಟೆಫ್ಲಾನ್ ಚೂರುಗಳನ್ನು ತನ್ನ ತೊಡೆಯೊಳಗೇ ಇರಿಸಿಕೊಂಡು ಪರೀಕ್ಷಿಸಿ, ಫಲವನ್ನು ಪ್ರಕಟಿಸಿದ. 1962ರಲ್ಲಿ ಪಾಲಿಎಥಿಲೀನಿಗೆ ತಿರುಗಿದ, ಅದು ನಿಂತಿತು. ಗ್ಲುಕ್‌ನಿಗೆ ಒದಗದಿದ್ದ ಮೂರು ಸಂಗತಿಗಳು, ಎಂದರೆ ಸವೆಯದ ವಸ್ತು, ಬಿಡದ ಅಂಟು, ಸೋಂಕಿಲ್ಲದ ಗಾಯ, ಇಲ್ಲಿ ಒಂದುಗೂಡಿದವು.

ಆದರೂ ಮಂಡಿ ಸುಲಭವಾಗಿ ಸೋಲಲಿಲ್ಲ. ನೋಡುವವರಿಗೆ ಮಂಡಿ ಬಾಗಿಲಿನ ತಿರುಗಣಿಯಂತೆ ಕಾಣುತ್ತದೆ. 1950ರ ದಶಕದಲ್ಲಿ ಬಳಕೆಗೆ ಬಂದ ಕೃತಕ ಮಂಡಿಗಳೂ ತಿರುಗಣಿಗಳೇ. ವಾಸ್ತವದಲ್ಲಿ ಮಂಡಿ ಬಾಗುವಾಗ ತೊಡೆಯೆಲುಬು ಕಾಲೆಲುಬಿನ ಮೇಲೆ ಉರುಳುತ್ತದೆ, ಜಾರುತ್ತದೆ, ಜೊತೆಗೆ ತುಸು ಹೊರಳುತ್ತದೆ. ಒಂದೇ ಅಚ್ಚಿನ ತಿರುಗಣಿ ಈ ಹೊರಳನ್ನು ತಡೆದಾಗ ಅದರ ಒತ್ತಡವೆಲ್ಲ ಎಲುಬಿನ ಮೇಲೆ ಬಿದ್ದು, ಕೀಲು ಸಡಿಲಗೊಳ್ಳುತ್ತಿತ್ತು. ಕೆನಡಾದಿಂದ ರೈಟಿಂಗ್ಟನ್ನಿಗೆ ಬಂದಿದ್ದ ಫ್ರ್ಯಾಂಕ್ ಗನ್ಸ್ಟನ್ ಈ ಮರ್ಮವನ್ನು ಅರಿತು, 1968ರಲ್ಲಿ ತಿರುಗಣಿಯಿಲ್ಲದ ಮಂಡಿಯನ್ನು ರಚಿಸಿದ. 1974ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್, ಚಿತರಂಜನ್ ರಾನಾವತ್ ಎಂಬ ಶಸ್ತ್ರವೈದ್ಯರೂ ಪೀಟರ್ ವಾಕರ್ ಎಂಬ ಎಂಜಿನಿಯರೂ ಕೂಡಿ, ಇಂದಿನ ಮಂಡಿಗಳಿಗೆಲ್ಲ ಮಾತೃಕೆಯೆನ್ನಬಹುದಾದ ಕೀಲನ್ನು ಬಳಕೆಗೆ ತಂದರು. ಮೇಲೆ ಲೋಹ, ಕೆಳಗೆ ಪಾಲಿಎಥಿಲೀನ್. ರಾನಾವತ್ ಅವರು ನಮ್ಮ ದೇಶದವರು. ಇಂದೋರಿನಲ್ಲಿ ವೈದ್ಯವಿದ್ಯೆ ಕಲಿತವರು. 2000ದಲ್ಲಿಯೂ 2001ರಲ್ಲಿಯೂ ಮುಂಬಯಿಯಲ್ಲಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರ ಮಂಡಿಗಳ ಶಸ್ತ್ರಚಿಕಿತ್ಸೆ ಮಾಡಿದವರು ಅವರೇ. ಈ ಚಿಕಿತ್ಸೆಯ ಹೆಸರು ನಮ್ಮ ಮನೆಮನೆಯ ಜಗಲಿಗೆ ಬಂದದ್ದು ಆಗ.

ಇಲ್ಲಿ ಸೂಕ್ಷ್ಮವಾದ ಒಂದು ಪ್ರಶ್ನೆಯಿದೆ. 1974ರ ಆ ಕೀಲು ಬಾಗುತ್ತಿದ್ದುದು ಸುಮಾರು 90 ಡಿಗ್ರಿ. ಕುರ್ಚಿಯಲ್ಲಿ ಕೂರುವವರಿಗೆ ಅದು ಹೆಚ್ಚುಕಡಮೆ ಸಾಕು. ಕುಕ್ಕರುಗಾಲಿನಲ್ಲಿ ಕೂರಲು 110 ಡಿಗ್ರಿಗೂ ಮೀರಿ ಬಾಗಬೇಕು. ಚಕ್ಕಳಮಕ್ಕಳ ಹಾಕಿ ಉಣ್ಣುವ, ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವ, ಗದ್ದೆಯಲ್ಲಿ ಕುಕ್ಕರುಗಾಲಿನಲ್ಲಿ ಕಳೆ ಕೀಳುವ ಜನದ ಮಂಡಿ ಅದರ ರಚನಕಾರರ ಮುಂದಿರಲಿಲ್ಲ. ಆಮೇಲಿನ ರಚನೆಗಳಲ್ಲಿ ಬಾಗುವಿಕೆ ಹೆಚ್ಚಿದೆ, ನಿಜ. ಆದರೂ ನೆಲದ ಮೇಲೆ ಕೂರಬೇಡಿರೆಂದು ನನಗೆ ವೈದ್ಯರು ಹೇಳಿದ್ದಾರೆ. ವ್ಯಾಸಪೀಠದ ಮುಂದೆ ಕುಳಿತು ಗಮಕಕ್ಕೆ ಅರ್ಥ ಹೇಳುತ್ತಿದ್ದ ನಾನು ಈಗ ವ್ಯಾಸಪೀಠವನ್ನೇ ಮೇಜಿನ ಮೇಲೆ ಏರಿಸಿದ್ದೇನೆ. ಕಾವ್ಯಕ್ಕೆ ಅದರಿಂದ ನಷ್ಟವಾಗಿಲ್ಲ. ನೆಲವನ್ನೇ ನಂಬಿ ದುಡಿಯುವ ಹೆಣ್ಣುಮಗಳಿಗೆ ಮೇಜನ್ನು ಎಲ್ಲಿಂದ ತರೋಣ?

ಬೆಲೆಯ ಮಾತೂ ಇದಕ್ಕೆ ಸೇರಿದ್ದೇ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿಯ ಕೀಲುಗಳ ಬೆಲೆಗೆ ಮಿತಿ ಹಾಕಿತು. ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಆಗ ಗೊತ್ತುಪಡಿಸಿದ ಬೆಲೆ, ತೆರಿಗೆ ಬಿಟ್ಟು, 54,720 ರೂಪಾಯಿ. ಮೊದಲಿನದಕ್ಕೆ ಹೋಲಿಸಿದರೆ ಬಹಳ ಇಳಿದ ಬೆಲೆ. ಕೂಲಿಯವರ ಕೈಗೆ ಎಟುಕುವ ಬೆಲೆಯೇನಲ್ಲ.

ಇನ್ನು ಈ ಚಿಕಿತ್ಸೆ ಕೊಡುವುದೇನು? ನನ್ನ ಮಂಡಿಗಳ ನೋವು ಹೋಯಿತು. ಬೆರಳುಗಳ ಆಮವಾತ ಹೋಗಲಿಲ್ಲ. ಬದಲಾದದ್ದು ಕೀಲು, ವ್ಯಾಧಿಯಲ್ಲ. ಔಷಧ ನಡೆದೇ ಇದೆ. ಲೋಹದ ಮಂಡಿಗೂ ಆಯುಸ್ಸಿನ ಮಿತಿಯುಂಟು. ಎರಡು ದಶಕಗಳನ್ನು ದಾಟಿ ನಡೆದವು ಎಷ್ಟೋ ಇವೆ, ಮೊದಲೇ ಸಡಿಲಗೊಂಡವೂ ಇವೆ. ಇದನ್ನು ತಿಳಿದು ಒಪ್ಪಿದವನಿಗೆ ನಿರಾಶೆಯಿಲ್ಲ.

ಚರಿತ್ರೆ ನನಗೆ ತೋರಿಸಿದ್ದು ಇಷ್ಟು: ನಾನು ಇಂದು ಇಡುವ ಒಂದೊಂದು ಹೆಜ್ಜೆಯ ಕೆಳಗೂ ಯಾರದೋ ಸೋಲು ಇದೆ. ದಂತದ ಕೀಲು ಕೀವುಗಟ್ಟಿದವರು, ಟೆಫ್ಲಾನ್ ಸವೆದು ಮತ್ತೆ ಕತ್ತಿಗೆ ಮೈಯೊಡ್ಡಿದವರು, ತಿರುಗಣಿ ಸಡಿಲಗೊಂಡು ಊರುಗೋಲಿಗೆ ಮರಳಿದವರು, ಇವರ ಹೆಸರುಗಳು ಯಾವ ಗ್ರಂಥದಲ್ಲಿಯೂ ದೊರೆಯವು. ವೈದ್ಯರ ಹೆಸರುಗಳಷ್ಟೇ ಉಳಿದಿವೆ. ನಡೆಯಬಲ್ಲವರಾದ ನಾವು ಆ ಅನಾಮಿಕರಿಗೂ ಋಣಿಗಳು.