ಬಗ್ಗಿ ವಾಹನದ ಒಡಲಿಗೆ ಲೋಹದ ಕವಚ: ತಯಾರಿಕೆಯ ಕ್ರಮ ಮತ್ತು ಎಚ್ಚರಗಳು

ಮರಳುದಿಣ್ಣೆ, ಕಡಲತೀರ, ಕಲ್ಲುಹಾದಿಗಳಲ್ಲಿ ಓಡಿಸಲೆಂದೇ ರೂಪಿಸಿದ ಹಗುರ ವಾಹನಕ್ಕೆ ಬಗ್ಗಿ ಎಂದು ಹೆಸರು. ಇದರ ಎಂಜಿನ್, ಗೇರ್‌ಪೆಟ್ಟಿಗೆ ಹಾಗೂ ಎಣ್ಣೆಯ ತೊಟ್ಟಿಗಳು ನೆಲಕ್ಕೆ ತೀರ ಸಮೀಪದಲ್ಲಿರುತ್ತವೆ. ಅವುಗಳ ಕೆಳಗೆ ಅಳವಡಿಸುವ ರಕ್ಷಣಾ ಫಲಕವೇ ಸ್ಕಿಡ್ ಪ್ಲೇಟ್. ಕನ್ನಡದಲ್ಲಿ ಜಾರುಫಲಕ ಎನ್ನಬಹುದು. ಕಲ್ಲಿನ ಮೇಲೆ ಸಿಕ್ಕಿಬೀಳದೆ ಜಾರುವುದು, ಬಿದ್ದ ಏಟನ್ನು ಎಂಜಿನ್ನಿಗೆ ಮುಟ್ಟಿಸದೆ ಚಾಸಿಗೆ ಸಾಗಿಸುವುದು, ಎಂಜಿನ್ನಿನ ಬಿಸಿ ಹೊರಹೋಗಲು ದಾರಿ ಬಿಡುವುದು - ಇವು ಅದರ ಮೂರು ಕರ್ತವ್ಯಗಳು. ಮೂರರಲ್ಲಿ ಒಂದನ್ನು ಮರೆತರೂ ರಕ್ಷಿಸಬೇಕಾದ ಕವಚವೇ ಎಂಜಿನ್ನಿಗೆ ಮುಳುವಾಗುತ್ತದೆ.

ಹಿನ್ನೆಲೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬ್ರೂಸ್ ಮೇಯರ್ಸ್ 1964ರಲ್ಲಿ ಫೈಬರ್‌ಗ್ಲಾಸ್ ಒಡಲಿಗೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಯಂತ್ರಭಾಗಗಳನ್ನು ಜೋಡಿಸಿ ಮೇಯರ್ಸ್ ಮ್ಯಾಂಕ್ಸ್ ಎಂಬ ಬಗ್ಗಿಯನ್ನು ನಿರ್ಮಿಸಿದರು. 1967ರಲ್ಲಿ ಮೆಕ್ಸಿಕೋದ ಬಾಹಾ ಪರ್ಯಾಯ ದ್ವೀಪದಲ್ಲಿ ನಡೆದ ಮೊದಲ ಮೆಕ್ಸಿಕನ್ 1000 ಸ್ಪರ್ಧೆಯನ್ನು ವಿಕ್ ವಿಲ್ಸನ್ ಮತ್ತು ಟೆಡ್ ಮ್ಯಾಂಗಲ್ಸ್ ಮ್ಯಾಂಕ್ಸ್ ಬಗ್ಗಿಯಲ್ಲಿ 27 ಗಂಟೆ 38 ನಿಮಿಷಗಳಲ್ಲಿ ಕ್ರಮಿಸಿ ಗೆದ್ದರು. ಅಂದಿನಿಂದ ಬೀಟಲ್ ಎಂಜಿನ್ನಿನ ಬಗ್ಗಿಗಳು ಜಗತ್ತಿನ ಅನೇಕ ಕಡೆ ಹವ್ಯಾಸಿಗಳ ಕೈಯಲ್ಲಿ ತಯಾರಾಗುತ್ತ ಬಂದಿವೆ.

ವಿದ್ಯಾರ್ಥಿಗಳಿಗಾಗಿ ಇದೇ ಬಗೆಯ ವಾಹನ ನಿರ್ಮಾಣದ ಬಾಹಾ ಎಸ್‌ಎಇ ಸ್ಪರ್ಧೆ 1976ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಅದರ ಭಾರತೀಯ ಆವೃತ್ತಿ 2007ರಲ್ಲಿ ಮಧ್ಯಪ್ರದೇಶದ ಪೀಥಂಪುರದಲ್ಲಿ ಮೊದಲ್ಗೊಂಡಿತು. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ತಂಡಗಳೂ ಅದರಲ್ಲಿ ಪಾಲ್ಗೊಂಡಿವೆ. ಚಾಲಕನ ಕೋಣೆಯ ಪೂರ್ಣ ಉದ್ದಕ್ಕೂ ತಳಫಲಕವಿರಬೇಕು, ಜಾಲರಿ ಅಥವಾ ಬಟ್ಟೆ ಸಲ್ಲದು ಎಂಬುದು ಆ ಸ್ಪರ್ಧೆಯ ನಿಯಮ. ಅಲ್ಲಿ ಫಲಕ ಕಾಯುವುದು ಚಾಲಕನ ಕಾಲುಗಳನ್ನು.

ಏನನ್ನು ರಕ್ಷಿಸಬೇಕು?

ಬೀಟಲ್ ಎಂಜಿನ್ ವಾಹನದ ಕಟ್ಟಕಡೆಯಲ್ಲಿ, ಹಿಂದಿನ ಅಚ್ಚಿಗಿಂತಲೂ ಹಿಂದೆ ಕುಳಿತಿರುತ್ತದೆ. ನಾಲ್ಕು ಸಿಲಿಂಡರ್‌ಗಳು ಎರಡೆರಡಾಗಿ ಎದುರುಬದುರು ಮಲಗಿರುತ್ತವೆ. ಅವುಗಳ ಅಡಿಯಲ್ಲಿ ಕವಾಟಗಳನ್ನು ನಡೆಸುವ ಸಲಾಕೆಗಳ ಎಂಟು ತೆಳು ಕೊಳವೆಗಳಿವೆ. ನಡುವಿನ ಎರಕದ ಒಡಲು ಮೆಗ್ನೀಷಿಯಂ ಮಿಶ್ರಲೋಹದ್ದು. ಹಗುರ, ಆದರೆ ಕಲ್ಲಿನ ಏಟಿಗೆ ಬಿರುಕುಬಿಡುವ ಗುಣದ್ದು. ಒಳಗಿರುವ ಎಣ್ಣೆ ಸುಮಾರು ಎರಡೂವರೆ ಲೀಟರ್ ಮಾತ್ರ. ಒಂದು ಕೊಳವೆ ಜಜ್ಜಿಹೋದರೂ ಎಣ್ಣೆ ಸೋರಿಹೋಗುತ್ತದೆ. ಚಾಲಕ ಗಮನಿಸದೆ ಓಡಿಸಿದರೆ ಬೇರಿಂಗ್‌ಗಳು ಬೇಗನೆ ಹಿಡಿದುಕೊಳ್ಳುತ್ತವೆ. ಊರಿನಿಂದ ದೂರದ ಜಾಗದಲ್ಲಿ ಇದು ಎಂಜಿನ್ನಿನ ನಷ್ಟದೊಂದಿಗೆ ಪ್ರಯಾಣಿಕರಿಗೂ ಅಪಾಯ.

ಯಾವ ವಸ್ತು ಒಳ್ಳೆಯದು?

ಉದಾಹರಣೆಗೆ 900 ಮಿ.ಮೀ. ಉದ್ದ, 500 ಮಿ.ಮೀ. ಅಗಲದ ಫಲಕವನ್ನು ಪರಿಗಣಿಸಬಹುದು.

* ಮೈಲ್ಡ್ ಸ್ಟೀಲ್: 3 ಮಿ.ಮೀ. ದಪ್ಪದಲ್ಲಿ ಸುಮಾರು 10.6 ಕಿಲೋ ತೂಗುತ್ತದೆ. ಅಗ್ಗ, ಬೆಸುಗೆಗೆ ಸುಲಭ, ಕಲ್ಲಿನ ಮೇಲೆ ಚೆನ್ನಾಗಿ ಜಾರುತ್ತದೆ. ತುಕ್ಕು ಹಿಡಿಯುವುದು ಇದರ ದೋಷ.

* ಅಲ್ಯೂಮಿನಿಯಂ: 5 ಮಿ.ಮೀ. ದಪ್ಪದಲ್ಲಿ ಸುಮಾರು 6 ಕಿಲೋ. ಬಾಗುವಿಕೆಗೆ ಒಡ್ಡುವ ಪ್ರತಿರೋಧ ದಪ್ಪದ ಘನಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಲೋಹ ಮೃದುವಾದರೂ ಈ ಫಲಕ ಮೇಲಿನ ಉಕ್ಕಿನ ಫಲಕಕ್ಕಿಂತ ಒಂದೂವರೆ ಪಟ್ಟು ಬಿಗಿಯಾಗಿರುತ್ತದೆ. ಆದರೆ ಒರಟು ಬಂಡೆಯ ಮೇಲೆ ಕೆತ್ತಿಕೊಂಡು ತಡೆಯುತ್ತದೆ. 5052 ದರ್ಜೆ ಸುಲಭವಾಗಿ ಬಾಗುತ್ತದೆ. 6061-ಟಿ6 ದರ್ಜೆ ಹೆಚ್ಚು ಬಲಶಾಲಿಯಾದರೂ ಕಿರಿದಾಗಿ ಬಾಗಿಸಿದರೆ ಸೀಳುತ್ತದೆ, ಬೆಸುಗೆಯ ಸುತ್ತ ಬಲದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ.

* ಯುಎಚ್‌ಎಂಡಬ್ಲ್ಯು ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್: 10 ಮಿ.ಮೀ. ದಪ್ಪದಲ್ಲಿ ಸುಮಾರು 4.2 ಕಿಲೋ. ಜಾರುವುದರಲ್ಲಿ ಇದಕ್ಕೆ ಸರಿಸಾಟಿಯಿಲ್ಲ. ಬಿಗಿತ ಕಡಿಮೆಯಾದ್ದರಿಂದ ಅಡಿಗಡಿಗೆ ಚೌಕಟ್ಟಿನ ಆಸರೆ ಬೇಕು. ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಹೊಗೆಕೊಳವೆಯ ಬಳಿ ಸಲ್ಲದು. ಬಿಸಿಗೆ ಹಿಗ್ಗುವುದೂ ಹೆಚ್ಚು: 40 ಡಿಗ್ರಿ ಏರಿದರೆ 900 ಮಿ.ಮೀ. ಉದ್ದದ ಫಲಕ 5 ಮಿ.ಮೀ.ಗೂ ಮೀರಿ ಬೆಳೆಯುತ್ತದೆ. ಹೀಗಾಗಿ ಬೋಲ್ಟಿನ ರಂಧ್ರಗಳನ್ನು ನೀಳವಾಗಿ ಕೊರೆಯಬೇಕು.

ಕಲ್ಲುಹಾದಿಯ ಬಗ್ಗಿಗೆ ಎಂಜಿನ್ನಿನ ಅಡಿಯಲ್ಲಿ ಉಕ್ಕು, ಮರಳಿನಲ್ಲೇ ಓಡುವ ಬಗ್ಗಿಗೆ ಅಲ್ಯೂಮಿನಿಯಂ, ಚಾಲಕನ ಕೋಣೆಯ ಅಡಿಗೆ ಪ್ಲಾಸ್ಟಿಕ್ - ಈ ಹಂಚಿಕೆ ಬಹುತೇಕ ಸಂದರ್ಭಗಳಿಗೆ ಹೊಂದುತ್ತದೆ.

ಅಳತೆ ಮತ್ತು ಆಕಾರ

ಮೊದಲು ವಾಹನವನ್ನು ಭದ್ರವಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಬೇಕು. ಬರೀ ಜಾಕ್ ನಂಬಿ ಅಡಿಗೆ ತೂರಬಾರದು. ದಪ್ಪ ರಟ್ಟಿನಲ್ಲಿ ಮಾದರಿ ಕತ್ತರಿಸಿ ಹಿಡಿದು ನೋಡಬೇಕು. ಹಿಂಚಕ್ರಗಳನ್ನು ಪೂರ್ಣ ಮೇಲಕ್ಕೂ ಪೂರ್ಣ ಕೆಳಕ್ಕೂ ಸರಿಸಿ ಅಚ್ಚಿನ ಕೀಲುಗಳು, ಕ್ಲಚ್ಚಿನ ತಂತಿ, ಗೇರಿನ ಸಲಾಕೆ ಯಾವುದೂ ರಟ್ಟಿಗೆ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ರಬ್ಬರ್ ಆಸರೆಗಳ ಮೇಲೆ ಎಂಜಿನ್ ಅಲುಗುವುದರಿಂದ ಫಲಕಕ್ಕೂ ಎಣ್ಣೆತೊಟ್ಟಿಗೂ ನಡುವೆ 20ರಿಂದ 25 ಮಿ.ಮೀ. ಅಂತರ ಬೇಕು. ಫಲಕದ ದಪ್ಪವೂ ಸೇರಿ ನೆಲದಿಂದ ಸುಮಾರು 30 ಮಿ.ಮೀ. ಎತ್ತರ ಕಡಿಮೆಯಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳಿತು.

ಮುಂದಿನ ಅಂಚನ್ನು 30ರಿಂದ 45 ಡಿಗ್ರಿ ಮೇಲಕ್ಕೆ ಬಾಗಿಸಬೇಕು. ರಿವರ್ಸ್ ಚಲಿಸುವಾಗ ಕಲ್ಲಿಗೆ ಸಿಕ್ಕದಂತೆ ಹಿಂದಿನ ಅಂಚಿಗೂ ಸ್ವಲ್ಪ ಬಾಗು ಬೇಕು. ಎರಡು ಬದಿಗಳನ್ನು 25 ಮಿ.ಮೀ.ಯಷ್ಟು ಮೇಲಕ್ಕೆ ಮಡಿಚಿದರೆ ತೂಕ ಅಷ್ಟಾಗಿ ಹೆಚ್ಚದೆ ಫಲಕದ ಬಿಗಿತ ಬಹಳ ಹೆಚ್ಚುತ್ತದೆ. ಒಂದಕ್ಕಿಂತ ಹೆಚ್ಚು ಫಲಕಗಳಿದ್ದರೆ ಅವನ್ನು ಮನೆಯ ಹಂಚಿನಂತೆ ಹೊದಿಸಬೇಕು: ಮುಂದಿನ ಫಲಕದ ಬಾಲ ಹಿಂದಿನ ಫಲಕದ ತಲೆಯನ್ನು ಕೆಳಗಿನಿಂದ ಮುಚ್ಚಿರಬೇಕು. ಆಗ ಮುನ್ನುಗ್ಗುವ ವಾಹನದ ಅಡಿಯಲ್ಲಿ ಕಲ್ಲಿಗೆ ಎದುರಾಗಿ ನಿಲ್ಲುವ ಅಂಚು ಒಂದೂ ಉಳಿಯುವುದಿಲ್ಲ.

ಎಲ್ಲಿಗೆ ಬಿಗಿಯಬೇಕು?

ಎಂಜಿನ್ನಿನ ಕೆಳಬೋಲ್ಟುಗಳಿಗೇ ತಗುಲಿಸುವ ಫಲಕಗಳೂ ಉಂಟು. ಮೆತ್ತನೆಯ ಮರಳಿನಲ್ಲಿ ಅವು ನಡೆದೀತು. ಕಲ್ಲಿನ ದಾರಿಯಲ್ಲಿ ಮಾತ್ರ ಏಟು ನೇರವಾಗಿ ಮೆಗ್ನೀಷಿಯಂ ಎರಕಕ್ಕೆ ಹೋಗಿ, ಕೊಳವೆ ಉಳಿದರೂ ಒಡಲೇ ಸೀಳುವ ಸಂಭವವಿದೆ. ಆದ್ದರಿಂದ ಮುಂದೆ ಗೇರ್‌ಪೆಟ್ಟಿಗೆಯನ್ನು ಹೊತ್ತ ಚಾಸಿಯ ತೋಳುಗಳಿಗೂ, ಹಿಂದೆ ಎಂಜಿನ್ನನ್ನು ಬಳಸಿ ಬರುವ ಕೊಳವೆ ಚೌಕಟ್ಟಿಗೂ ಫಲಕವನ್ನು ಬಿಗಿಯುವುದೇ ಸರಿಯಾದ ಕ್ರಮ. ಚೌಕಟ್ಟಿನ ಕೊಳವೆಗೆ ರಂಧ್ರ ಕೊರೆದರೆ ಅದು ದುರ್ಬಲವಾಗುತ್ತದೆ; ಬದಲಿಗೆ ಕ್ಲಾಂಪ್ ಹಾಕಬೇಕು ಇಲ್ಲವೆ 4-5 ಮಿ.ಮೀ. ದಪ್ಪದ ಕಿವಿಗಳನ್ನು ಬೆಸೆಯಬೇಕು.

8.8 ದರ್ಜೆಯ ಎಂ8 ಅಥವಾ ಎಂ10 ಬೋಲ್ಟುಗಳು, ನೈಲಾನ್ ಹಿಡಿತದ ನಟ್ಟುಗಳು ಸೂಕ್ತ. ಹೊರಚಾಚಿದ ಬೋಲ್ಟಿನ ತಲೆ ಕಲ್ಲಿಗೆ ಉಜ್ಜಿ ಸವೆದರೆ ಮತ್ತೆ ಬಿಚ್ಚಲು ಬರುವುದಿಲ್ಲ. ಎಂ8 ಬೋಲ್ಟಿನ ಚಪ್ಪಟೆ ತಲೆ ಪೂರ್ತಿ ಒಳಸೇರಲು ಸುಮಾರು 5 ಮಿ.ಮೀ. ಆಳ ಬೇಕಾಗುವುದರಿಂದ 3 ಮಿ.ಮೀ. ಉಕ್ಕಿನಲ್ಲಿ ಅದು ಅಸಾಧ್ಯ. ಅಲ್ಲಿ ಬೋಲ್ಟಿನ ಸುತ್ತ ಅದರ ತಲೆಗಿಂತ ತುಸು ಎತ್ತರದ ಉಕ್ಕಿನ ಬಳೆಯನ್ನು ಬೆಸೆದು, ಅದರ ಹೊರ ಅಂಚನ್ನು ಇಳಿಜಾರಾಗಿ ಉಜ್ಜಬೇಕು. ಅಲ್ಯೂಮಿನಿಯಂ ಫಲಕ ಉಕ್ಕಿನ ಚಾಸಿಗೆ ತಾಗುವಲ್ಲಿ ರಬ್ಬರ್ ಪಟ್ಟಿ ಇಡಬೇಕು. ಇಲ್ಲದಿದ್ದರೆ ಉಪ್ಪುನೀರು ಸೋಕಿದಾಗ ಎರಡು ಲೋಹಗಳ ನಡುವೆ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ತಿನ್ನಲ್ಪಡುತ್ತದೆ. ಕಡಲತೀರದಲ್ಲಿ ಓಡುವ ಬಗ್ಗಿಗೆ ಇದು ಅತ್ಯವಶ್ಯ.

ಬಿಸಿಗೆ ದಾರಿ

ಬೀಟಲ್ ಎಂಜಿನ್ನಿಗೆ ರೇಡಿಯೇಟರ್ ಇಲ್ಲ. ಮೇಲಿನ ಫ್ಯಾನ್ ಗಾಳಿಯನ್ನು ಸಿಲಿಂಡರ್‌ಗಳ ಮೇಲೆ ಕೆಳಮುಖವಾಗಿ ತಳ್ಳುತ್ತದೆ; ಬಿಸಿಯಾದ ಗಾಳಿ ಎಂಜಿನ್ನಿನ ಅಡಿಯಿಂದ ಹೊರಹೋಗುತ್ತದೆ. ಅಡಿಯನ್ನು ಪೂರ್ತಿ ಮುಚ್ಚಿದರೆ ಆ ಗಾಳಿ ಒಳಗೇ ಸುತ್ತಿ ಎಂಜಿನ್ ಬೇಯತೊಡಗುತ್ತದೆ. ಹವ್ಯಾಸಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಫಲಕವನ್ನು ನಡುವಿನ ಎಣ್ಣೆತೊಟ್ಟಿಯ ಅಗಲಕ್ಕೆ ಸೀಮಿತಗೊಳಿಸಿ, ಸಿಲಿಂಡರ್‌ಗಳ ಅಡಿಯ ಕೊಳವೆಗಳಿಗೆ ನಡುವೆ ಸಾಕಷ್ಟು ತೆರಪಿರುವ ಅಡ್ಡಸರಳುಗಳ ರಕ್ಷಣೆ ಕೊಡುವುದು ಉತ್ತಮ. ಫಲಕದಲ್ಲೇ ಗಾಳಿಕಂಡಿ ಬೇಕಿದ್ದರೆ ಅವುಗಳ ಬಾಯಿ ಹಿಂದಕ್ಕೆ ತೆರೆದಿರಬೇಕು. ಮುಂದಕ್ಕೆ ತೆರೆದರೆ ಕೆಸರು ತುಂಬುತ್ತದೆ. ಎಣ್ಣೆ ಬದಲಿಸಲು ತೊಟ್ಟಿಯ ಜರಡಿಫಲಕಕ್ಕೂ ಅದರ ಆರು ನಟ್ಟುಗಳಿಗೂ ಕೈ ಎಟುಕುವಷ್ಟು ಕಿಂಡಿ ಬಿಡುವುದನ್ನು ಮರೆಯಬಾರದು.

ಬೆಸುಗೆಯ ಎಚ್ಚರ

ಬೆಸುಗೆಗೆ ಮುನ್ನ ಬ್ಯಾಟರಿಯ ಸಂಪರ್ಕ ಕಳಚಬೇಕು, ಪೆಟ್ರೋಲ್ ಟ್ಯಾಂಕನ್ನು ಹೊರತೆಗೆದಿಡಬೇಕು. ಸತು ಲೇಪಿತ ತಗಡನ್ನು ಬೆಸೆದರೆ ಏಳುವ ಹೊಗೆ ಜ್ವರ ತರಿಸುತ್ತದೆ. ಲೇಪವನ್ನು ಮೊದಲೇ ತೆಗೆದು ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಬೇಕು. ಮೆಗ್ನೀಷಿಯಂ ಪುಡಿಗೆ ಕಿಡಿ ತಾಗಿ ಉರಿ ಹತ್ತಿದರೆ ನೀರು ಹಾಕಕೂಡದು, ಬೆಂಕಿ ಇನ್ನಷ್ಟು ಭುಗಿಲೇಳುತ್ತದೆ. ಒಣಮರಳನ್ನು ಹತ್ತಿರ ಇಟ್ಟುಕೊಂಡಿರಬೇಕು. ಉದ್ದಕ್ಕೆ ಒಂದೇ ಸಮನೆ ಬೆಸೆದರೆ ತಗಡು ಸೊಟ್ಟಗಾಗುವುದರಿಂದ 25 ಮಿ.ಮೀ.ಯ ಚಿಕ್ಕ ಹೊಲಿಗೆಗಳನ್ನು ಅತ್ತಿತ್ತ ಹಾಕುತ್ತ ಹೋಗುವುದು ಲೇಸು.

ಅಳವಡಿಸಿದ ನಂತರ

ಮೊದಲ ಓಟದಲ್ಲಿ ಎಣ್ಣೆಯ ಉಷ್ಣತೆಯನ್ನು, ಫಲಕ ಇಲ್ಲದಿದ್ದಾಗಿನ ಉಷ್ಣತೆಯೊಂದಿಗೆ ಹೋಲಿಸಬೇಕು. ಗಮನಾರ್ಹವಾಗಿ ಏರಿದ್ದರೆ ತೆರಪು ಹೆಚ್ಚಿಸಬೇಕು. ಪ್ರತಿ ಪ್ರಯಾಣದ ಬಳಿಕ ಬೋಲ್ಟುಗಳ ಬಿಗಿ ನೋಡುವುದು, ಫಲಕದ ಮೇಲೆ ಕುಳಿತ ಕೆಸರು ಮತ್ತು ಒಣಹುಲ್ಲನ್ನು ತೆಗೆಯುವುದು ವಾಡಿಕೆಯಾಗಬೇಕು. ಸೋರಿದ ಎಣ್ಣೆಯಲ್ಲಿ ನೆನೆದ ಹುಲ್ಲು ಹೊಗೆಕೊಳವೆಯ ಬಿಸಿಗೆ ಹೊತ್ತಿಕೊಳ್ಳಬಲ್ಲದು. ತಗ್ಗಿದ ಫಲಕವನ್ನು ಬಡಿದು ನೇರಮಾಡಬಹುದು. ಬಾಗಿನ ರೇಖೆಯಲ್ಲಿ ಬಿರುಕು ಕಂಡರೆ ಬದಲಿಸುವುದೇ ಕ್ಷೇಮ. ಫಲಕ ಮುಚ್ಚಿರುವಷ್ಟು ಕಾಲ ಎಣ್ಣೆಯ ಸೋರಿಕೆ ನೆಲಕ್ಕೆ ತೊಟ್ಟಿಕ್ಕದೆ ಮರೆಯಾಗಿಯೇ ಉಳಿಯಬಹುದು. ಆದುದರಿಂದ ಆಗಾಗ ಅದನ್ನು ಕಳಚಿ ಎಂಜಿನ್ನಿನ ಅಡಿಯನ್ನು ಕಣ್ಣಾರೆ ಪರೀಕ್ಷಿಸುವುದು ಫಲಕ ಅಳವಡಿಸಿದವರ ಹೊಸ ಜವಾಬ್ದಾರಿಯಾಗುತ್ತದೆ.